ಒಮುರ್‌ಜಾಕ್ ಅವರ ಸಹಿ ಹೊಂದದೇ ಇದ್ದ ಬಗ್ಗೆ

ಕೋಕ್‌ಜಾರ್ ಪಟ್ಟಣದಲ್ಲಿ ಜನವರಿ ಹನ್ನೊಂದರಿಂದ ಹದಿನೈದರ ಮಧ್ಯಾಹ್ನದವರೆಗೆ ಒಂದೇ ಒಂದು ಪೈಪು ದುರಸ್ತಿಯಾಗಲಿಲ್ಲ. ಇದನ್ನು ಓದಿ, ನಮ್ಮ ನಗರ ಬಿಸಿನೀರು ನಿಗಮದವರು ಕೈಕಟ್ಟಿ ಕೂತಿದ್ದರೆಂದು ಯಾರೂ ತಿಳಿಯತಕ್ಕದ್ದಲ್ಲ. ಆ ಐದು ದಿನಗಳಲ್ಲಿ ಒಡೆದ ಹತ್ತೊಂಬತ್ತು ಪೈಪುಗಳನ್ನೂ ನಮ್ಮವರು ಬೆಸೆದರು, ಒಂದರಲ್ಲೂ ಹನಿ ಸೋರಲಿಲ್ಲ. ಆದರೆ ಬೆಸೆಯುವುದು ಬೇರೆ, ದುರಸ್ತಿ ಬೇರೆ. ಈ ಭೇದ ತಿಳಿಯದ ಕೆಲವರು ಚಹಾದಂಗಡಿಯಲ್ಲಿ ಕೂತು ನಾಲಿಗೆ ಹರಿಬಿಡುತ್ತಿರುವುದರಿಂದ, ನಡೆದದ್ದನ್ನು ನಡೆದ ಹಾಗೆ ಬರೆದಿಡುವ ಕೆಲಸ ನನ್ನ ಪಾಲಿಗೆ ಬಂದಿದೆ.

ನಾನು ಶಾರ್ಶೆನ್, ನಿಗಮದ ಮುಕ್ತಾಯ ವಿಭಾಗದ ಮುಖ್ಯಸ್ಥ. ವಿಭಾಗದಲ್ಲಿ ಇರುವುದು ನಾನೊಬ್ಬನೇ. ಹಾಗಾಗಿ ಅಲ್ಲಿ ಅಶಿಸ್ತು ಎಂಬುದಿಲ್ಲ.

ರಾಜಧಾನಿಯಿಂದ ನಮಗೆ ಟ್ಯಾಬುಗಳು ಬಂದದ್ದು ಡಿಸೆಂಬರಿನಲ್ಲಿ. ಕೂಡಲೇ ನಮ್ಮ ನಿರ್ದೇಶಕರಾದ ಜಕ್‌ಶಿಲಿಕ್ ಅವರು ಹದಿನಾಲ್ಕನೇ ಆದೇಶ ಹೊರಡಿಸಿದರು. ಮನೆಯನ್ನು ಬೆಚ್ಚಗಿಡುವ ಗೋಡೆಯ ಪೈಪಿನಲ್ಲಿ ಬಿಸಿನೀರು ಹರಿದ ಮಾತ್ರಕ್ಕೆ ಕೆಲಸ ಮುಗಿಯಿತೆಂದು ಭಾವಿಸತಕ್ಕದ್ದಲ್ಲ, ಗ್ರಾಹಕರು ಟ್ಯಾಬಿನ ಮೇಲೆ ಬೆರಳಿನಿಂದ ಸಹಿ ಹಾಕಿದಾಗಲೇ ಮುಗಿಯತಕ್ಕದ್ದು ಎಂಬುದು ಅದರ ಒಂದನೇ ನಿಯಮ. ಎರಡನೆಯದು, ಈ ಸಹಿಯು ಕಡತದಲ್ಲಿರುವ ಹಳೆಯ ಸಹಿಯ ಜೊತೆ ನೂರಕ್ಕೆ ಎಪ್ಪತ್ತರಷ್ಟಾದರೂ ಹೊಂದತಕ್ಕದ್ದು. ಅಲ್ಲಿಯವರೆಗೆ ಬಾಯ್ಲರ್ ಮನೆಯಲ್ಲಿ ಆ ಮನೆಯ ವಾಲ್ವು ತೆರೆಯತಕ್ಕದ್ದಲ್ಲ. ಮೂರನೆಯದು, ಯಾರ ಸಹಿ ಹೊಂದುವುದೋ ಅವರೇ ಗ್ರಾಹಕರು. ನಾಲ್ಕನೆಯದು, ಕೆಲಸಗಾರನ ಬೆರಳು ಯಾವ ಕಾರಣಕ್ಕೂ ಟ್ಯಾಬನ್ನು ಮುಟ್ಟಕೂಡದು. ಇನ್ನೂ ಇವೆ, ಬೇಕಾದಾಗ ಹೇಳುತ್ತೇನೆ.

ಕಡತದ ಹಳೆಯ ಸಹಿಗಳನ್ನು ಯಂತ್ರಕ್ಕೆ ತುಂಬಿದವನು ನಾನು. ಇಪ್ಪತ್ತಾರು ವರ್ಷಗಳ ಕೆಲಸದ ಚೀಟಿಗಳು, ಪ್ರತಿಯೊಂದರ ಕೊನೆಗೂ ಮನೆಯ ಯಜಮಾನನ ಸಹಿ. ಮೂರು ವಾರ ಹಿಡಿಯಿತು, ಬೆನ್ನು ಇನ್ನೂ ನೆಟ್ಟಗಾಗಿಲ್ಲ. ನಮ್ಮ ಊರಿನವರ ಸಹಿ ಇಷ್ಟು ಅಂದವಾಗಿದೆ ಎಂದು ನನಗೆ ಆಗಲೇ ಗೊತ್ತಾದದ್ದು. ಒಂದೊಂದು ಮನೆಯದು ಒಂದೊಂದು ಬಳುಕು, ಒಂದೊಂದು ಸುರುಳಿ. ನನ್ನ ಮನೆಯ ಚೀಟಿಯೂ ಸಿಕ್ಕಿತು. ನನ್ನ ಸಹಿ ನಾನು ಅಂದುಕೊಂಡದ್ದಕ್ಕಿಂತ ಎಷ್ಟೋ ಚೆನ್ನಾಗಿತ್ತು. ಮನಸ್ಸಿಗೆ ಖುಷಿಯಾಯಿತು, ಮುಂದಿನ ಚೀಟಿ ತೆಗೆದೆ.

ಹನ್ನೊಂದನೇ ತಾರೀಕು ಸೋಮವಾರ, ಸೊನ್ನೆಯ ಕೆಳಗೆ ಇಪ್ಪತ್ನಾಲ್ಕು ಡಿಗ್ರಿ, ಒಮುರ್‌ಜಾಕ್ ಅವರ ಮನೆಯ ಪೈಪು ಒಡೆಯಿತು. ಹೊಸ ಆದೇಶದ ಮೊದಲ ಕೆಲಸವಾದ್ದರಿಂದ ಟ್ಯಾಬು ಹಿಡಿದು ನಾನೇ ಹೋದೆ. ಪೈಪು ಬೆಸೆಯಲು ಎಸೆನ್‌ಗುಲ್ ಬಂದ. ಇಪ್ಪತ್ತಾರು ವರ್ಷದಿಂದ ಈ ಊರಿನ ಪೈಪುಗಳೆಲ್ಲ ಅವನ ಕೈಯಲ್ಲೇ. ಊರಿಗೆಲ್ಲ ಅವನು ಬೈಕೆ, ಅಂದರೆ ಅಣ್ಣ. ಒಂದೂವರೆ ಗಂಟೆಯಲ್ಲಿ ಬೆಸೆದು, ಕೈ ತೊಳೆದು, ಹಾಸಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ. ಮನೆಯೊಡತಿ ಬುರುಲ್ ಅಪಾ, ಅಂದರೆ ಬುರುಲ್ ಅಕ್ಕ, ಚಹಾ ಬಗ್ಗಿಸಿದರು. ಸೊಸೆ ಬರ್ಮೆಟ್ ರೊಟ್ಟಿ ಮುರಿದಿಟ್ಟಳು. ಅವಳ ಮಗು ಅಡುಗೆಮನೆಯ ಕಲ್ಲಿದ್ದಲ ಒಲೆಯ ಪಕ್ಕದಲ್ಲಿ, ನಾಲ್ಕು ಸುತ್ತು ಬಟ್ಟೆಯೊಳಗೆ, ಮೂಗಿನ ತುದಿ ಮಾತ್ರ ಕಾಣುವ ಹಾಗೆ ಮಲಗಿತ್ತು. ಆ ಮನೆಯಲ್ಲಿ ಬೆಚ್ಚಗಿದ್ದದ್ದು ಆ ಮೂಲೆ ಒಂದೇ.

ಚಹಾ ಮುಗಿದ ಮೇಲೆ ಬುರುಲ್ ಅಪಾ ಎರಡೂ ಅಂಗೈ ಚಾಚಿ ಎಸೆನ್‌ಗುಲನನ್ನು ಹರಸಿದರು. "ನಿನ್ನ ಕೈ ಸೋಲದಿರಲಿ, ನೀನು ಮುಟ್ಟಿದ್ದು ಸೋರದಿರಲಿ, ಓಮಿನ್." ನಾವೂ ಓಮಿನ್, ಅಂದರೆ ಹಾಗೇ ಆಗಲಿ, ಎಂದು ಮುಖ ಸವರಿಕೊಂಡೆವು. ಎಸೆನ್‌ಗುಲ್ ಚೀಲ ಹೆಗಲಿಗೇರಿಸಿ ಎದ್ದ. ಆಗ ನಾನು ಟ್ಯಾಬು ತೆಗೆದೆ.

"ಏನಪ್ಪಾ ಅದು?" ಅಂದರು ಬುರುಲ್ ಅಪಾ.

"ಸಹಿ ಬೇಕು ಅಪಾ. ಕೆಲಸ ಮುಗೀತು ಅಂತ."

"ಈಗ ತಾನೇ ಹರಸಿದ್ನಲ್ಲ. ಮುಗೀದೇ ಇರೋ ಕೆಲಸಕ್ಕೆ ಯಾರಾದ್ರೂ ಕೈಯೆತ್ತಿ ಹರಸ್ತಾರಾ?"

"ಹರಸಿದ್ದು ಟ್ಯಾಬಲ್ಲಿ ದಾಖಲಾಗಲ್ಲ. ಸಂಪರ್ಕ ಯಜಮಾನರ ಹೆಸರಲ್ಲಿದೆ, ಅವರ ಸಹಿ ಬೇಕು. ಅವರು ಕುದುರೆ ಮೇಯಿಸೋಕೆ ಹೋಗಿದಾರೆ ಅಂದ್ರೆ ನಿಮ್ಮ ಸೊಸೆ ಇಲ್ಲಿ ಒಮುರ್‌ಜಾಕ್ ಅಂತ ಬರೆದುಬಿಡಲಿ, ಎಷ್ಟು ಹೊಂದುತ್ತೋ ನೋಡೋಣ."

ಬರ್ಮೆಟ್ ಬಾಯಿಗೆ ಸೆರಗು ಒತ್ತಿಕೊಂಡು ಅಡುಗೆಮನೆಗೆ ಓಡಿದಳು.

"ನಾಚಿಕೆ ಆಗಲ್ವೇನೋ ನಿಂಗೆ?" ಅಂದರು ಬುರುಲ್ ಅಪಾ. "ಮಾವನ ಹೆಸರು ಸೊಸೆ ಬಾಯಲ್ಲಿ ಹೇಳೋ ಹಾಗಿಲ್ಲ, ಬೆರಳಲ್ಲಿ ಬರೀಬೇಕಾ? ನಲವತ್ತೆಂಟು ವರ್ಷ ಸಂಸಾರ ಮಾಡಿದೀನಿ, ನಾನೇ ಇನ್ನೂ ಆ ಹೆಸರು ಹೇಳಿಲ್ಲ. ನಿಮ್ಮಮ್ಮ ಹೇಳ್ತಿದ್ಳಾ ನಿಮ್ಮಪ್ಪನ ಹೆಸರು?"

ಹೇಳುತ್ತಿರಲಿಲ್ಲ. ಆದರೆ ನಮ್ಮಮ್ಮನ ಕಾಲದಲ್ಲಿ ಹದಿನಾಲ್ಕನೇ ಆದೇಶ ಇರಲಿಲ್ಲ.

"ಕೊಡೋ ತಮ್ಮಾ ಇಲ್ಲಿ, ಅರ್ಧ ನಿಮಿಷದ ಕೆಲಸ," ಅಂತ ಎಸೆನ್‌ಗುಲ್ ಕೈಚಾಚಿದ.

"ನಾಲ್ಕನೇ ನಿಯಮ," ಅಂದೆ. ಟ್ಯಾಬನ್ನು ಕೋಟಿನೊಳಗೆ ಇಟ್ಟುಕೊಂಡೆ.

"ನಿಯಮ ನೀನೇ ಇಟ್ಕೋ," ಅಂದರು ಬುರುಲ್ ಅಪಾ. "ನಂಗೆ ಒಂದು ಮಾತು ಹೇಳು. ಶನಿವಾರ ಮಗೂಗೆ ನಲವತ್ತು ದಿನ ತುಂಬುತ್ತೆ. ಊರಿಗೆಲ್ಲ ಹೇಳಿಯಾಗಿದೆ. ಲಾರಿ ಓಡಿಸೋಕೆ ಹೋದ ಮಗ ಗಡಿಯಾಚೆಯಿಂದ ಅವತ್ತಿಗೇ ಬರ್ತಿದ್ದಾನೆ. ಈ ಕೊರೆಯೋ ಮನೇಲಿ ಮಗೂನ ಬಟ್ಟೆ ಬಿಚ್ಚಿ, ನಲವತ್ತು ಜನ ಒಂದೊಂದು ಚಮಚ ನೀರು ಹುಯ್ಯೋಕಾಗುತ್ತಾ? ನಲವತ್ತನೇ ದಿನ ಅನ್ನೋದು ನಿಮ್ಮ ಕಚೇರಿ ಸಭೆ ಥರ ಮುಂದಕ್ಕೆ ಹಾಕೋಕೆ ಬರಲ್ಲ."

ಇದು ನ್ಯಾಯವಾದ ಮಾತು. ನಲವತ್ತನೇ ದಿನವನ್ನು ಮುಂದೂಡುವ ಬಗ್ಗೆ ನಮ್ಮಲ್ಲಿ ಯಾವ ನಿಯಮವೂ ಇರಲಿಲ್ಲ. ನನಗೂ ಮೂವರು ಮಕ್ಕಳು, ಮೂವರಿಗೂ ಆ ನಲವತ್ತು ಚಮಚ ನೀರು ಬಿದ್ದಿದೆ. ಆದ್ದರಿಂದ ಒಮುರ್‌ಜಾಕ್ ಅವರು ಕುದುರೆಗಳ ಜೊತೆ ಎಲ್ಲಿದ್ದಾರೋ ಅಲ್ಲಿಗೇ ಹೋಗಿ ಸಹಿ ತರುವುದೆಂದು ತೀರ್ಮಾನಿಸಿದೆ.

ಚಳಿಗಾಲದ ಮೇವಿನ ಬಯಲು ಬೆಟ್ಟದಲ್ಲಿ ಮೂವತ್ತು ಕಿಲೋಮೀಟರು ಮೇಲಿದೆ. ನಿಗಮದ ಜೀಪು ಎರಡು ಸಲ ನಿಂತಿತು, ಎರಡು ಸಲವೂ ಎಸೆನ್‌ಗುಲ್ ಇಳಿದು ಏನೋ ತಟ್ಟಿ ಹೊರಡಿಸಿದ. ಒಮುರ್‌ಜಾಕ್ ಅಜ್ಜನಿಗೆ ಎಪ್ಪತ್ತೊಂದು. ಬಂದವರ ಕೆಲಸವೇನೆಂದು ಕೇಳುವ ಮೊದಲು ಊಟ ಹಾಕುವ ಪೈಕಿ. ಕುರಿ ಮಾಂಸ ಬೇಯುವವರೆಗೆ ಟ್ಯಾಬಿನ ಮಾತೆತ್ತಲು ಬಿಡಲಿಲ್ಲ. ಎಲ್ಲ ಮುಗಿದ ಮೇಲೆ ನಾನು ವಿಷಯ ಹೇಳಿದೆ.

"ನಮ್ಮನೆಯವಳು ಹರಸಿದ್ಳೋ ಇಲ್ವೋ?"

"ಹರಸಿದ್ರು ಅಜ್ಜ."

"ಹಂಗಾದ್ರೆ ಮತ್ತೆ ಸಹಿ ಯಾಕೆ? ಅವಳ ಮಾತಿನ ಮೇಲೆ ಅನುಮಾನವಾ?"

"ಅನುಮಾನ ನನಗಲ್ಲ ಅಜ್ಜ, ಯಂತ್ರಕ್ಕೆ."

"ಯಂತ್ರಕ್ಕೆ ನಮ್ಮನೆಯವಳು ಗೊತ್ತಿಲ್ಲ, ಪಾಪ," ಅಂದರು ಅಜ್ಜ. ಮೊಮ್ಮಗಳಿಗಾಗಿ ಸಹಿ ಹಾಕಲು ಒಪ್ಪಿದರು. ಲಗಾಮು ಹಿಡಿದು ಹಿಡಿದು ಬೇರಿನ ಹಾಗಾಗಿದ್ದ ತೋರುಬೆರಳನ್ನು ಟ್ಯಾಬಿನ ಮೇಲೆ ಊರಿ, ನಾಲಿಗೆ ಹೊರಗೆ ಚಾಚಿ, ಶಾಲೆಯಲ್ಲಿ ಕಲಿತ ಹಾಗೆ ತಮ್ಮ ಹೆಸರನ್ನು ಪೂರ್ತಿ ಬರೆದರು. ಟ್ಯಾಬು ಯೋಚಿಸಿತು. ಹೊಂದಾಣಿಕೆ ನೂರಕ್ಕೆ ಆರು ಎಂದಿತು.

ಎರಡನೇ ಸಲ ನೂರಕ್ಕೆ ನಾಲ್ಕು. ಮೂರನೇ ಸಲಕ್ಕೆ ಪರದೆ ಕೆಂಪಾಗಿ, "ಈ ವ್ಯಕ್ತಿ ಒಮುರ್‌ಜಾಕ್ ಅಲ್ಲ. ಮೋಸದ ಯತ್ನ ದಾಖಲಾಗಿದೆ. ಇಪ್ಪತ್ನಾಲ್ಕು ಗಂಟೆಗಳ ನಂತರ ಪ್ರಯತ್ನಿಸಿ" ಎಂದು ಬಂತು.

"ಮತ್ತೆ ಒಮುರ್‌ಜಾಕ್ ಯಾರಂತೆ?" ಅಜ್ಜ ಕುತೂಹಲದಿಂದಲೇ ಕೇಳಿದರು.

ನಾನು ಕಡತದ ಸಹಿಯನ್ನು ತೆರೆದು ತೋರಿಸಿದೆ. ಎರಡು ಕಡೆಗೂ ಒಳಕ್ಕೆ ಸುತ್ತಿಕೊಂಡ ಸುರುಳಿ, ಕೊನೆಗೆ ಉದ್ದಕ್ಕೆ ಎಳೆದ ತುದಿ. ಅಜ್ಜ ಟ್ಯಾಬನ್ನು ಹತ್ತಿರ ಹಿಡಿದು ನೋಡಿದರು, ದೂರ ಹಿಡಿದು ನೋಡಿದರು.

"ಇದು ನಂದಾ? ಬಲು ಲಕ್ಷಣವಾಗಿದೆ ಕಣಯ್ಯ. ನಾನು ಯಾವಾಗ ಹಾಕಿದ್ದು?"

ಎಸೆನ್‌ಗುಲ್ ಆಗ ಬೆಟ್ಟವನ್ನು ನೋಡುತ್ತಿದ್ದ. ಆ ಬೆಟ್ಟ ಹುಟ್ಟಿದಾಗಿನಿಂದ ಅಲ್ಲೇ ಇದೆ, ಅವನು ಅದನ್ನು ಅಷ್ಟು ಹೊತ್ತು ನೋಡಿದ್ದು ನಾನು ಕಂಡಿರಲಿಲ್ಲ.

ಇಳಿಯುವಾಗ ಜೀಪಿನಲ್ಲಿ ಅವನೇ ಬಾಯಿಬಿಟ್ಟ.

"ನಾನೇ ಹಾಕಿದ್ದು ಕಣೋ ಶಾರ್ಶೆನ್."

"ಯಾವುದು? ಒಮುರ್‌ಜಾಕ್ ಅಜ್ಜನದಾ?"

"ಎಲ್ಲಾರದೂ."

ನಾನು ಬ್ರೇಕು ಹಾಕುವ ಮೊದಲೇ ಜೀಪು ತಾನಾಗಿಯೇ ಮೂರನೇ ಸಲ ನಿಂತಿತು.

"ಇನ್ನೇನು ಮಾಡ್ಲಿ ಹೇಳು," ಅಂದ ಎಸೆನ್‌ಗುಲ್. "ಹಗಲು ಹೊತ್ತು ಹೋದ್ರೆ ಮನೇಲಿ ಇರೋದು ಸೊಸೆ, ಇಲ್ಲ ಅತ್ತೆ. ಹೆಸರು ಬರೀರಿ ಅಂತ ಅವರಿಗೆ ಹೇಳೋಕಾಗುತ್ತಾ? ಯಜಮಾನ ಇದ್ರೆ ಕೈಯೆತ್ತಿ ಹರಸ್ತಾನೆ. ಹರಸಿದೋನ ಮೂಗಿನ ಮುಂದೆ ಚೀಟಿ ಹಿಡಿದ್ರೆ, ನಿನ್ನ ಮಾತು ನಂಬಲ್ಲ ಅಂದ ಹಾಗಲ್ವಾ? ಮೊದಲನೇ ವರ್ಷ ಒಬ್ಬರ ಹತ್ರ ಕೇಳಿದ್ದೆ. ಅವರು ಬೇಜಾರಲ್ಲಿ ಎರಡು ತಿಂಗಳು ನನ್ನ ಸಲಾಮು ತಗೊಳ್ಲಿಲ್ಲ. ಅವತ್ತಿಂದ ನಾನೇ ಚಹಾದಂಗಡೀಲಿ ಕೂತು ಹಾಕ್ಕೊಂಡು ಬಂದೆ. ಸುಮ್ನೆ ಗೀಚಿಲ್ಲ, ಒಂದೊಂದು ಮನೆಗೆ ಒಂದೊಂದು ಯೋಚಿಸಿ, ಪ್ರತಿ ಸಲವೂ ಅದನ್ನೇ ಹಾಕಿದೀನಿ. ನೀನೇ ಹೊಗಳಿದ್ಯಲ್ಲ."

"ಅಷ್ಟು ಚೆನ್ನಾಗಿ ಹಾಕೋದು ಎಲ್ಲಿ ಕಲಿತೆ?"

"ಅಲ್ಲಿ ಇಲ್ಲಿ," ಅಂದು ಮತ್ತೆ ಬೆಟ್ಟದ ಕಡೆ ತಿರುಗಿದ.

ಅಂದರೆ ಪಟ್ಟಣದ ಒಂದು ಸಾವಿರದ ಇನ್ನೂರು ಮನೆಗಳಲ್ಲಿ ಒಬ್ಬನೇ ಒಬ್ಬ ಯಜಮಾನನ ನಿಜವಾದ ಸಹಿಯೂ ನಮ್ಮ ಕಡತದಲ್ಲಿಲ್ಲ. ಯಾರೇ ತಮ್ಮ ಸ್ವಂತ ಸಹಿ ಹಾಕಿದರೂ ಅವರು ಮೋಸಗಾರರೆಂದು ದಾಖಲಾಗುತ್ತದೆ. ನನಗೆ ಮೂರು ವಾರದ ಬೆನ್ನುನೋವು ನೆನಪಾಗಿ ಅಳು ಬಂತು. ಅದು ವೈಯಕ್ತಿಕ ವಿಷಯ, ವರದಿಗೆ ಸಂಬಂಧಪಟ್ಟಿದ್ದಲ್ಲ.

ಮಂಗಳವಾರ ಬೆಳಿಗ್ಗೆ ನಿರ್ದೇಶಕರಿಗೆ ಎಲ್ಲವನ್ನೂ ತಿಳಿಸಿದೆ. ಅಷ್ಟರಲ್ಲಿ ಇನ್ನೂ ಏಳು ಮನೆಗಳ ಸಹಿ ಹೊಂದದೆ, ಏಳು ಮನೆಗಳಿಗೂ "ನಿಮ್ಮ ಹೆಸರಿನಲ್ಲಿ ನಿಮ್ಮಂತೆಯೇ ಕಾಣುವ ಅಪರಿಚಿತರೊಬ್ಬರು ಸಹಿ ಹಾಕಲು ಯತ್ನಿಸಿದ್ದಾರೆ, ಎಚ್ಚರದಿಂದಿರಿ" ಎಂಬ ಸೂಚನೆ ಹೋಗಿತ್ತು. ಜನ ಎಚ್ಚರದಿಂದಲೇ ಇದ್ದರು, ಆ ಚಳಿಗೆ ನಿದ್ದೆ ಬಂದರೆ ತಾನೆ.

ಜಕ್‌ಶಿಲಿಕ್ ಅವರು ತಾಳ್ಮೆಯ ಮನುಷ್ಯ. "ಹಳೇ ಸಹಿ ತೆಗೆದು ಹೊಸದು ಹಾಕು," ಅಂದರು.

"ಐದನೇ ನಿಯಮ ಇದೆ ಬೈಕೆ. ಸಹಿ ಬದಲಾಯಿಸಬೇಕು ಅನ್ನೋರು ಹಳೇ ಸಹಿ ಹಾಕಿ ಅರ್ಜಿ ಕೊಡಬೇಕು."

"ಹುಚ್ಚು ಬಿಡೋವರೆಗೆ ಮದುವೆ ಆಗಲ್ಲ, ಮದುವೆ ಆಗೋವರೆಗೆ ಹುಚ್ಚು ಬಿಡಲ್ಲ," ಅಂತ ಬಾಗಿಲ ಹತ್ತಿರ ನಿಂತಿದ್ದ ಎಸೆನ್‌ಗುಲ್ ಗೊಣಗಿದ.

ಇದರಿಂದ ನಿರ್ದೇಶಕರಿಗೆ ಅವನು ಅಲ್ಲಿರುವುದು ನೆನಪಾಯಿತು. ಇಪ್ಪತ್ತಾರು ವರ್ಷ ಸುಳ್ಳು ಸಹಿ ಹಾಕಿದ್ದಕ್ಕಾಗಿ ಅವನನ್ನು ಕೆಲಸದಿಂದ ತೆಗೆದುಹಾಕುವ ಆದೇಶವನ್ನು ಅಲ್ಲೇ ಬರೆಸಿದರು. ಹೊಸ ಕ್ರಮದಂತೆ ಆದೇಶಗಳಿಗೂ ಟ್ಯಾಬಿನಲ್ಲೇ ಸಹಿ. ಜಕ್‌ಶಿಲಿಕ್ ಅವರು ಬೆರಳಾಡಿಸಿದರು. ಹೊಂದಾಣಿಕೆ ನೂರಕ್ಕೆ ಒಂಬತ್ತು.

ಟ್ಯಾಬು ಒರೆಸಿ ಮತ್ತೆ ಎಳೆದರು, ಮತ್ತೆ ಒಂಬತ್ತು.

"ನಿಮ್ಮನೆ ಪೈಪು ನಾಲ್ಕು ಸಲ ಒಡೆದಿತ್ತು, ಬೈಕೆ," ಅಂದ ಎಸೆನ್‌ಗುಲ್, ತುಂಬಾ ವಿನಯದಿಂದ.

"ನಾನು ನಾನಲ್ವೇನಯ್ಯಾ?" ನಿರ್ದೇಶಕರು ನನ್ನನ್ನು ಕೇಳಿದರು.

"ಕಡತದ ಪ್ರಕಾರ ನೂರಕ್ಕೆ ಒಂಬತ್ತರಷ್ಟು ತಾವೇ, ಬೈಕೆ. ಮಿಕ್ಕ ತೊಂಬತ್ತೊಂದು, ಮೂರನೇ ನಿಯಮದ ಪ್ರಕಾರ, ಎಸೆನ್‌ಗುಲ್."

ನಿರ್ದೇಶಕರು ಟ್ಯಾಬನ್ನು ಅವನತ್ತ ಸರಿಸಿದರು. "ಹಂಗಾದ್ರೆ ಎಸೆನ್‌ಗುಲ್, ನೀನೇ ನನ್ನ ಸಹಿ ಹಾಕಿ ನಿನ್ನನ್ನ ತೆಗೆದುಹಾಕು."

"ಹಾಕ್ತಿದ್ದೆ ಬೈಕೆ. ಕೆಲಸಗಾರನ ಬೆರಳು ಟ್ಯಾಬು ಮುಟ್ಟಬಾರದು ಅಂತ ನಿಮ್ಮದೇ ನಿಯಮ."

"ಕೆಲಸದಿಂದ ತೆಗೆದ ಮೇಲೆ ನೀನು ಕೆಲಸಗಾರ ಅಲ್ಲವಲ್ಲ."

"ತೆಗೆದ ಮೇಲೆ ಮುಟ್ಟಬಹುದು. ತೆಗೆಯೋಕೆ ಮುಂಚೆ ಮುಟ್ಟಬೇಕಾಗಿದೆ."

ಜಕ್‌ಶಿಲಿಕ್ ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ಹದಿನೈದನೇ ಆದೇಶ ಹೊರಡಿಸಿದರು. ಅದರ ಪ್ರಕಾರ, ಗ್ರಾಹಕರಿಗೆ ಅವರವರ ಸಹಿಯಲ್ಲಿ ತರಬೇತಿ ನೀಡತಕ್ಕದ್ದು. ಪಾಠ ಹೇಳುವವನು ಎಸೆನ್‌ಗುಲ್. ಟ್ಯಾಬು ಮುಟ್ಟದೆ, ಕರಿಹಲಗೆಯ ಮೇಲೆ ಸೀಮೆಸುಣ್ಣದಿಂದ. ಈ ಆದೇಶಕ್ಕೆ ಸಹಿ ಬೀಳದ ಕಾರಣ ಅದನ್ನು ವಿನಂತಿ ಎಂದು ಕರೆಯಲಾಯಿತು.

ಬುಧವಾರ ಸಂಸ್ಕೃತಿ ಭವನದಲ್ಲಿ ತರಬೇತಿ ಶುರುವಾಯಿತು. ಭವನಕ್ಕೂ ಬಿಸಿನೀರು ಇರಲಿಲ್ಲ, ಅದರ ಸಹಿಯೂ ಹೊಂದಿರಲಿಲ್ಲ. ಹನ್ನೆರಡು ಜನ ಯಜಮಾನರು ಟೋಪಿ ಕೋಟು ಸಮೇತ ನೆಲದ ಹಾಸಿನ ಮೇಲೆ ಕೂತು, ಮಕ್ಕಳ ಬರೆಯುವ ಪುಸ್ತಕಗಳಲ್ಲಿ ತಮ್ಮ ತಮ್ಮ ಸಹಿ ತಿದ್ದಿದರು. ಒಮುರ್‌ಜಾಕ್ ಅಜ್ಜ ಕುದುರೆಗಳನ್ನು ಪಕ್ಕದವರಿಗೆ ಒಪ್ಪಿಸಿ ಇಳಿದು ಬಂದಿದ್ದರು. ಮಗುವಿಗೆ ಅಂದು ಮೂವತ್ತೇಳು ದಿನ.

"ಮೇಲಕ್ಕೆ ಹೋಗಿ, ಒಳಕ್ಕೆ ಸುತ್ತಿ, ಬಿಡಬೇಡಿ, ಬಿಡಬೇಡಿ, ಈಗ ಎಳೀರಿ," ಅಂತ ಎಸೆನ್‌ಗುಲ್ ಹೇಳಿಕೊಡುತ್ತಿದ್ದ.

"ಈ ಬಾಲ ಯಾಕಪ್ಪಾ ಇಟ್ಟೆ ನಂಗೆ?" ಅಂತ ಅಜ್ಜ ಬೆವರೊರೆಸಿಕೊಂಡರು. "ಬಾಲ ಇಲ್ದೇ ಇರೋ ಸಹಿ ಇರ್ಲಿಲ್ವಾ ನಿನ್ನ ಹತ್ರ?"

"ನಿಮ್ಮ ಘನತೆಗೆ ತಕ್ಕಂತೆ ಇರಲಿ ಅಂತ ಇಟ್ಟೆ ಅಜ್ಜ. ಬಾಲ ಇಲ್ದೇ ಇರೋದು ಪಶುವೈದ್ಯರದು."

ಪಕ್ಕದಲ್ಲಿದ್ದ ಪಶುವೈದ್ಯರು ಬೇಸರಪಟ್ಟುಕೊಂಡರು.

ಬುಧವಾರ ಅಜ್ಜನದು ನೂರಕ್ಕೆ ಹದಿನೆಂಟು. ಗುರುವಾರ ಇಪ್ಪತ್ತೇಳು. ಗುರುವಾರ ಸಂಜೆ ಬುರುಲ್ ಅಪಾ ಭವನದ ಬಾಗಿಲಿಗೆ ಬಂದು, ಒಳಗೆ ಬರದೆ, ನನ್ನನ್ನು ಕರೆದರು. ಮಗು ಕೆಮ್ಮುತ್ತಿದೆ ಎಂದರು. ಬಯ್ಯಲಿಲ್ಲ. ಅಷ್ಟು ಹೇಳಿ ಹೊರಟುಹೋದರು. ಅವರು ಬಯ್ದಿದ್ದರೆ ನನಗೆ ಎಷ್ಟೋ ವಾಸಿಯಿತ್ತು.

ಆಗ ಎಸೆನ್‌ಗುಲ್ ನನ್ನ ಹತ್ತಿರ ಬಂದು, "ತಮ್ಮಾ, ಒಂದೇ ಒಂದು ಸಲ ಆ ಕಡೆ ತಿರುಗಿ ನಿಂತ್ಕೋ," ಅಂದ. "ಮಗು ಬೆಚ್ಚಗಾಗ್ಲಿ. ಆಮೇಲೆ ನನ್ನ ಏನು ಬೇಕಾದ್ರೂ ಮಾಡ್ಕೊಳ್ಳಿ."

"ಟ್ಯಾಬಿಗೆ ನಿನ್ನ ಬೆರಳಚ್ಚು ಗೊತ್ತು. ಮುಟ್ಟಿದ ತಕ್ಷಣ ಆ ಮನೆ ವಾಲ್ವು ಮೂವತ್ತು ದಿನ ಮುಚ್ಚುತ್ತೆ. ಆರನೇ ನಿಯಮ," ಅಂದೆ. ಆರನೇ ನಿಯಮ ಬರೆದವನು ನಾನು. ಬರೆಯುವಾಗ ಬಹಳ ಅಚ್ಚುಕಟ್ಟಾಗಿದೆ ಅನ್ನಿಸಿತ್ತು.

ಶುಕ್ರವಾರ, ಮಗುವಿಗೆ ಮೂವತ್ತೊಂಬತ್ತು ದಿನ, ಅಜ್ಜ ನೂರಕ್ಕೆ ಮೂವತ್ತೊಂದಕ್ಕೆ ಮುಟ್ಟಿ ಅಲ್ಲೇ ನಿಂತರು. ಮಧ್ಯಾಹ್ನ ನಾನೂ ಎಸೆನ್‌ಗುಲನೂ ಅವರ ಜೊತೆಯಲ್ಲೇ ಅವರ ಮನೆಗೆ ಹೋದೆವು, ಊಟ ಮಾಡಿ ಮತ್ತೆ ತಿದ್ದಿಸೋಣವೆಂದು. ಮನೆಯೊಳಗೆ ಮಾತಾಡಿದರೆ ಉಸಿರು ಕಾಣುತ್ತಿತ್ತು. ಬರ್ಮೆಟ್ ಮಗುವನ್ನು ಎದೆಗವಚಿಕೊಂಡು ಒಲೆಯ ಪಕ್ಕ ಕೂತಿದ್ದಳು. ಅಜ್ಜ ಮಂಡಿಯ ಮೇಲೆ ಪುಸ್ತಕ ಇಟ್ಟುಕೊಂಡು ಮತ್ತೆ ಸುರುಳಿ ಎಳೆಯತೊಡಗಿದರು. ಬರ್ಮೆಟ್ ಚಹಾ ಕೊಡಲು ಎದ್ದವಳು ಪುಸ್ತಕ ನೋಡಿ ನಿಂತಳು.

"ಮಾವಯ್ಯ, ನೀವು ಟಗರಿನ ಕೊಂಬು ಯಾಕೆ ಬರೀತಿದ್ದೀರಾ?"

"ಕೊಂಬಲ್ಲಮ್ಮ, ಇದು ನನ್ನ ಸಹಿ."

"ಕೊಂಬೇ," ಅಂದಳು ಬರ್ಮೆಟ್, ಮೆಲ್ಲಗೆ ಆದರೆ ಗಟ್ಟಿಯಾಗಿ. "ನೀವು ಅದರ ಮೇಲೇ ಕೂತಿದ್ದೀರಲ್ಲ."

ಎಲ್ಲರೂ ಕೆಳಗೆ ನೋಡಿದೆವು. ಉಣ್ಣೆ ತುಳಿದು ಮಾಡಿದ ದಪ್ಪ ಹಾಸು, ಕೆಂಪಿನ ಮೇಲೆ ಕಪ್ಪು ಕತ್ತರಿಸಿ ಹೊಲಿದ ಟಗರಿನ ಕೊಂಬುಗಳು, ಅಂಚಿನಿಂದ ಅಂಚಿಗೆ. ಒಮುರ್‌ಜಾಕ್ ಅವರ ಸಹಿ ಆ ಹಾಸಿನ ತುಂಬಾ ಮೂವತ್ತಾರು ಕಡೆ ಇತ್ತು. ಮೂರು ದಿನ ಹನ್ನೆರಡು ಗಂಡಸರು ಭವನದಲ್ಲಿ ಇಂಥದ್ದೇ ಹಾಸಿನ ಮೇಲೆ ಕೂತು ತಿದ್ದಿದ್ದರು. ಕಂಬಳಿ ಮೇಲೆ ಕೂತು ಕೂದಲು ಹುಡುಕಿದ ಹಾಗೆ.

ಬುರುಲ್ ಅಪಾ ಪುಸ್ತಕ ಕಿತ್ತುಕೊಂಡು, ಮೊದಲನೇ ಪುಟದಲ್ಲಿ ಅಂಟಿಸಿದ್ದ ಕಡತದ ಸಹಿಯನ್ನು ನೋಡಿದರು. ನೋಡುತ್ತಾ ಅವರ ಮುಖ ಮೆತ್ತಗಾಯಿತು.

"ಇದು ನಿಮ್ಮಮ್ಮನ ಕೈ ಕಣೋ ಎಸೆನ್‌ಗುಲ್. ಕೊಂಬಿನ ತುದೀನ ಹಿಂಗೆ ಎಳೀತಿದ್ದೋಳು ಈ ಊರಲ್ಲಿ ಅವಳೊಬ್ಬಳೇ."

ಎಸೆನ್‌ಗುಲ್ ತಲೆತಗ್ಗಿಸಿದ. "ಅಮ್ಮಂಗೆ ಹೆಣ್ಮಕ್ಕಳಿರಲಿಲ್ಲ ಅಪಾ. ಉಣ್ಣೆ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಹಾಕೋಕೆ ನನ್ನೇ ಕೂರಿಸ್ಕೋತಿದ್ಳು. ಗಂಡಸು ಹಾಸಿನ ಕೆಲಸ ಕಲಿತಿದ್ದಾನೆ ಅಂದ್ರೆ ನಗ್ತಾರೆ ಅಂತ ಯಾರಿಗೂ ಹೇಳಿಲ್ಲ. ನಿಮ್ಮನೆ ಚೀಟಿ ಮೇಲೆ ಅಜ್ಜನ ಹೆಸರು ಬರೆಯೋಕೆ ನಂಗೂ ಕೈ ಬರ್ಲಿಲ್ಲ, ಹಿರೀರು. ಅದಕ್ಕೆ ಅಮ್ಮನ ಗೆರೆ ಹಾಕ್ದೆ, ಮಿಕ್ಕ ಮನೆಗಳಿಗೂ ಹಂಗೇ."

"ಅಂದ್ರೆ ಇದರಲ್ಲಿ ಹೆಸರಿಲ್ವಾ?" ಬರ್ಮೆಟ್ ಕೇಳಿದಳು.

"ಒಂದಕ್ಷರನೂ ಇಲ್ಲಮ್ಮ. ಬರೀ ಕೊಂಬು."

ಬರ್ಮೆಟ್ ಅತ್ತೆಯ ಮುಖ ನೋಡಿದಳು. ಅತ್ತೆ ತಲೆಯಾಡಿಸಿ ಮಗುವನ್ನು ತೆಗೆದುಕೊಂಡರು. ಬರ್ಮೆಟ್ ನನ್ನ ಕಡೆ ಕೈಚಾಚಿದಳು. ನಾನು ನಿಯಮಗಳನ್ನು ಒಂದರಿಂದ ಆರರವರೆಗೆ ಮನಸ್ಸಿನಲ್ಲೇ ಓದಿಕೊಂಡೆ. ಸೊಸೆಯ ಬೆರಳು ಮುಟ್ಟಕೂಡದು ಎಂದು ಎಲ್ಲೂ ಇರಲಿಲ್ಲ. ಟ್ಯಾಬು ಕೊಟ್ಟೆ.

ಏಳು ವರ್ಷದ ಹುಡುಗಿಯಾಗಿದ್ದಾಗಿಂದ ಉಣ್ಣೆ ಕತ್ತರಿಸಿದ ಬೆರಳು ಅದು. ಮೇಲಕ್ಕೆ ಹೋಯಿತು, ಒಳಕ್ಕೆ ಸುತ್ತಿತು, ಆ ಕಡೆಗೂ ಸುತ್ತಿತು, ತುದಿಯನ್ನು ಎಳೆದು ಬಿಟ್ಟಿತು. ಒಂದೇ ಉಸಿರು. ಟ್ಯಾಬು ಯೋಚಿಸಲೂ ಇಲ್ಲ. ಹೊಂದಾಣಿಕೆ ನೂರಕ್ಕೆ ತೊಂಬತ್ತೇಳು.

"ಧನ್ಯವಾದಗಳು, ಒಮುರ್‌ಜಾಕ್ ಅವರೇ. ತಮ್ಮ ದುರಸ್ತಿ ಪೂರ್ಣಗೊಂಡಿದೆ," ಎಂದು ಪರದೆಯ ಮೇಲೆ ಬಂದದ್ದನ್ನು ನಾನು ಗಟ್ಟಿಯಾಗಿ ಓದಿದೆ. ಅದು ನನ್ನ ಕರ್ತವ್ಯ. ಬರ್ಮೆಟ್ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಬಾಯ್ಲರ್ ಮನೆಯ ವಾಲ್ವು ತೆರೆಯಿತು. ಸ್ವಲ್ಪ ಹೊತ್ತಿಗೆ ಗೋಡೆಯ ಪೈಪು ಮೊದಲು ಕಟಕಟ ಎಂದಿತು, ಆಮೇಲೆ ಗುಟುಕುಗುಟುಕಾಗಿ ನೀರು ಕುಡಿಯತೊಡಗಿತು. ಬುರುಲ್ ಅಪಾ ಅದಕ್ಕೆ ಕೈಯಿಟ್ಟು ನಿಂತರು. ಬಹಳ ಹೊತ್ತು ಕೈ ತೆಗೆಯಲಿಲ್ಲ.

"ಮೂರನೇ ನಿಯಮದ ಪ್ರಕಾರ ಇನ್ನು ಮುಂದೆ ಇವರೇ ಒಮುರ್‌ಜಾಕ್," ಅಂತ ನಾನು ಅಜ್ಜನಿಗೆ ತಿಳಿಸಿದೆ. ಇಂಥದ್ದನ್ನು ತಡಮಾಡದೆ ತಿಳಿಸಬೇಕು.

"ಸದ್ಯ," ಅಂದರು ಅಜ್ಜ ಪುಸ್ತಕ ಮುಚ್ಚುತ್ತಾ. "ನಾನು ಮಗೂನ ನೋಡ್ಕೋತೀನಿ, ಕುದುರೆ ಹಿಂದೆ ಒಮುರ್‌ಜಾಕ್ ಹೋಗ್ಲಿ." ಆಮೇಲೆ ಎರಡೂ ಅಂಗೈ ಚಾಚಿ ಎಸೆನ್‌ಗುಲನ ತಾಯಿಯ ಹೆಸರು ಹೇಳಿ ಹರಸಿದರು. ಎಸೆನ್‌ಗುಲ್ ಮುಖ ಸವರಿಕೊಂಡ ಮೇಲೂ ಕೈ ಇಳಿಸದೆ ಹಾಗೇ ಕೂತಿದ್ದ.

ಶನಿವಾರ ಆ ಮನೆಯಲ್ಲಿ ಕಿಟಕಿ ತೆರೆಯುವಷ್ಟು ಸೆಕೆಯಿತ್ತು. ಮಗುವಿಗೆ ನಲವತ್ತು ಚಮಚ ನೀರು ಬಿತ್ತು. ಮೂವತ್ತೊಂದನೆಯದು ನನ್ನದು. ಅಷ್ಟರಲ್ಲಿ ಸುದ್ದಿ ಊರೆಲ್ಲ ಹಬ್ಬಿ, ಮಿಕ್ಕ ಹದಿನೆಂಟು ಮನೆಗಳ ಹೆಂಗಸರು ನನ್ನನ್ನು ಅಲ್ಲೇ ಹಿಡಿದು, ಊಟದ ಹಾಸಿನಿಂದ ಏಳಲು ಬಿಡದೆ, ಸಾಲಾಗಿ ಗೆರೆ ಎಳೆದು ಹದಿನೆಂಟು ವಾಲ್ವುಗಳನ್ನೂ ತೆರೆಸಿದರು. ಒಬ್ಬರೂ ತೊಂಬತ್ತಕ್ಕಿಂತ ಕೆಳಗೆ ಬರಲಿಲ್ಲ. ಪಶುವೈದ್ಯರ ಹೆಂಡತಿ ಮಾತ್ರ, ಬಾಲವಿಲ್ಲದ ಗೆರೆ ತಮಗೇಕೆ ಎಂದು ಎಸೆನ್‌ಗುಲನ ಹತ್ತಿರ ಜಗಳ ಕಾದರು.

ಮುಂದಿನ ವಾರ ಬಂದ ಹದಿನಾರನೇ ಆದೇಶದಂತೆ, ಗ್ರಾಹಕರೆಂದರೆ ಮನೆಯಲ್ಲಿ ಹಾಸಿನ ಕೆಲಸ ಬಲ್ಲವರು. ಯಾವ ಮನೆಯ ಸೊಸೆಯೂ ಈಗ ಯಾರ ಹೆಸರನ್ನೂ ಬರೆಯಬೇಕಾಗಿಲ್ಲ. ಬ್ಯಾಂಕಿನವರೂ ಅಂಚೆಯವರೂ ಇದೇ ಗೆರೆಗಳನ್ನು ಒಪ್ಪುತ್ತಿದ್ದಾರೆ. ಊರಿನ ಯಜಮಾನರು ಏನೇ ವ್ಯವಹಾರವಿದ್ದರೂ ಮನೆಗೆ ಹೋಗಿ, ಕೈಮುಗಿದು, ತಮ್ಮ ಸಹಿ ಹಾಕಿಸಿಕೊಂಡು ಬರುತ್ತಾರೆ. ಮೊದಲೂ ಹೀಗೇ ಇತ್ತು, ಕಾಗದದಲ್ಲಿ ಇರಲಿಲ್ಲ ಅಷ್ಟೆ ಎಂದು ಬುರುಲ್ ಅಪಾ ಹೇಳುತ್ತಾರೆ.

ನಿರ್ದೇಶಕರ ಗೆರೆಯ ಹೆಸರು ನಾಯಿಬಾಲ. ಹಾಸುಗಳಲ್ಲಿ ಅದು ಬಹಳ ಗೌರವದ ಗೆರೆ, ಮನೆ ಕಾಯುತ್ತದೆ ಎಂದು ಎಸೆನ್‌ಗುಲ್ ಆಣೆಯಿಟ್ಟು ಹೇಳಿದ್ದಾನೆ, ಜಕ್‌ಶಿಲಿಕ್ ಅವರು ನಂಬಿದ್ದಾರೆ. ನಿಗಮದ ಆದೇಶಗಳೆಲ್ಲ ಸಂಜೆ ಅವರ ಜೊತೆ ಮನೆಗೆ ಹೋಗುತ್ತವೆ, ಅವರ ಹೆಂಡತಿ ಜಾಂಗಿಲ್ ಅಪಾ ಓದಿ, ಸರಿಯೆನಿಸಿದ್ದಕ್ಕೆ ಬಾಲ ಎಳೆಯುತ್ತಾರೆ. ಎಸೆನ್‌ಗುಲನನ್ನು ಕೆಲಸದಿಂದ ತೆಗೆಯುವ ಆದೇಶವೂ ಅವರ ಹತ್ತಿರವೇ ಇದೆ. ಮೊದಲು ಸ್ನಾನದ ಮನೆಯ ಪೈಪು ಸರಿಯಾಗಲಿ, ಆಮೇಲೆ ನೋಡೋಣ ಎಂದಿದ್ದಾರೆ. ಎಸೆನ್‌ಗುಲ್ ಹೋಗಿ ಸರಿಮಾಡಿ ಬಂದ. ಆದರೆ ಕೆಲಸ ಮುಗಿಯಿತೆಂದು ಅವರು ಇನ್ನೂ ಸಹಿ ಹಾಕಿಲ್ಲ, ಆದ್ದರಿಂದ ಆ ಪೈಪು ಸರಿಯಾಗಿಲ್ಲ. ಸ್ನಾನದ ನೀರನ್ನು ಜಾಂಗಿಲ್ ಅಪಾ ಅಡುಗೆಮನೆಯಿಂದ ಹೊತ್ತು ತರುತ್ತಾರೆ. ತೊಂದರೆಯೇನಿಲ್ಲ ಅನ್ನುತ್ತಾರೆ.

ಈ ವರದಿಯ ಕೊನೆಗೆ ನನ್ನ ಸಹಿ ಬೇಕು. ನನ್ನದು ಕಾಗೆಕಾಲು. ತಿಂಗಳಿಂದ ತಿದ್ದುತ್ತಿದ್ದೇನೆ, ನೂರಕ್ಕೆ ಹದಿನಾಲ್ಕರ ಮೇಲೆ ಹತ್ತಿಲ್ಲ. ನನ್ನ ಹೆಂಡತಿ ತಂಗಿಯ ಮನೆಗೆ ಹೋಗಿದ್ದಾಳೆ, ಗುರುವಾರ ಬರುತ್ತಾಳೆ. ಅಲ್ಲಿಯವರೆಗೆ ಇದನ್ನು ನಾನು ಬರೆದಿಲ್ಲವೆಂದು ತಿಳಿಯತಕ್ಕದ್ದು.